ಬೀಗಿತ್ತಿ ಕಳಿಸಿದ ರವಿಕೆ

"ಹೊಟ್ಟೆ ಒಳಗೆ ಎಳ್ಕೊ," ಎಂದರು ಬಹಾರ್, ಬಾಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡೇ.

"ಎಳ್ಕೊಂಡಿದೀನಿ."

"ಇದಾ ಎಳ್ಕೊಂಡಿರೋದು? ಇನ್ನೂ ಎಳಿ, ಮುದಿ ಕತ್ತೆ."

ಸಬ್ಬೆ ಉಸಿರು ಬಿಗಿಹಿಡಿದು ನಿಂತರು. ಗುಲಾಬಿ ಲೇಸಿನ ರವಿಕೆಯ ಎರಡು ಅಂಚುಗಳು ಎದೆಯ ಮೇಲೆ ಕೂಡಲು ಒಪ್ಪುತ್ತಿರಲಿಲ್ಲ. ಮೂವತ್ತು ವರ್ಷ ಸುತ್ತಿಗೆ ಎತ್ತಿ ಅಗಲವಾದ ಭುಜ ಅದು. ಜಾವಾದ ಸುರಕರ್ತದ ದರ್ಜಿಗೆ ಅದರ ಕಲ್ಪನೆ ಇರಲಿಲ್ಲ. ರವಿಕೆ ಬಂದ ಡಬ್ಬಿಯಲ್ಲಿ ಮದುಮಗನ ತಾಯಿ ಒಂದು ಚೀಟಿ ಇಟ್ಟಿದ್ದರು: "ಬೀಗಿತ್ತಿಯವರಿಗೆ. ನಿಮ್ಮನ್ನು ಇನ್ನೂ ನೋಡಿಲ್ಲ, ಆದರೂ ಈ ಬಣ್ಣ ನಿಮಗೆ ಒಪ್ಪುತ್ತದೆ ಅನ್ನಿಸಿತು."

"ಇಂಥದ್ರಲ್ಲಿ ಚೆಂದ ಕಾಣ್ಬೇಕು ಅಂತ ನಾನು ನಲವತ್ತು ವರ್ಷದಿಂದ ಒದ್ದಾಡ್ತಿದೀನಿ," ಎಂದರು ಬಹಾರ್. "ನಿನ್ನ ಮೈಗೆ ದೇವರು ಎಲ್ಲಾ ಪುಕ್ಕಟೆ ಕೊಟ್ಟ. ನೋಡಿದ್ರೆ ಅಕ್ಕಿ ಮೂಟೆಗೆ ಲೇಸು ಹೊಲಿದ ಹಾಗಿದೀಯ."

ಬಹಾರ್ ಚಲಬಾಯಿ, ಸಬ್ಬೆ ಚಲಲಾಯಿ. ಚಲಬಾಯಿ ಅಂದರೆ ಗಂಡಾಗಿ ಹುಟ್ಟಿ ಹೆಣ್ಣಿನ ಕಡೆಗೆ ಹೊರಟವರು, ಚಲಲಾಯಿ ಅಂದರೆ ಹೆಣ್ಣಾಗಿ ಹುಟ್ಟಿ ಗಂಡಿನ ಕಡೆಗೆ. ಇಬ್ಬರೂ ನಡುದಾರಿಯಲ್ಲೇ ನೆಲೆ ನಿಂತಿದ್ದರು. ಅವರ ಊರು ಮಸ್ಸೆಪೆಯಲ್ಲಿ ಇದು ಯಾರಿಗೂ ಸುದ್ದಿಯಲ್ಲ. ಮದುಮಗಳನ್ನು ಸಿಂಗರಿಸಿ, ಅಡುಗೆಯವರನ್ನು ಗದರಿ, ಚಪ್ಪರ ಹಾಕಿಸಲು ಒಬ್ಬ ಚಲಬಾಯಿ ಇಲ್ಲದಿದ್ದರೆ ಅಲ್ಲಿ ಮದುವೆಯೇ ನಡೆಯುವುದಿಲ್ಲ. ಸಬ್ಬೆಯ ಕುಲುಮೆಯಲ್ಲಿ ಬಡಿದ ಮಚ್ಚು ಇಲ್ಲದ ಮನೆಯೂ ಇಲ್ಲ. ಸಬ್ಬೆಯ ತಂಗಿ ಹೆಣ್ಣುಕೂಸು ಹೆತ್ತು, ದುಡಿಯಲು ಮಲೇಶಿಯಾಕ್ಕೆ ಹೋದವಳು ಹಿಂದಿರುಗಲಿಲ್ಲ. ಎಂಟು ತಿಂಗಳ ಆ ಕೂಸನ್ನು ಸಬ್ಬೆ ಕುಲುಮೆಯ ಪಕ್ಕ ತೊಟ್ಟಿಲು ಕಟ್ಟಿ ಬೆಳೆಸಿದ್ದರು. ಇವತ್ತು ಆ ತೆನ್ರಿಯ ಮದುವೆ.

ನಿಕಾಹ್ ಮುಗಿದಿತ್ತು. ಕೆಳಗೆ ಚಪ್ಪರದಲ್ಲಿ ಮದುಮಗ ತನ್ನ ಅಪ್ಪ ಅಮ್ಮನ ಜೊತೆ ವೇದಿಕೆ ಹತ್ತಿ ಕೂತಿದ್ದ. ಇನ್ನು ಹೆಣ್ಣು ಹೆತ್ತವರು ಅವಳ ಕೈಹಿಡಿದು ಕರೆತಂದು ಪಕ್ಕದಲ್ಲಿ ಕೂರಬೇಕು. ಅಳಿಯನಿಗೆ ಸಬ್ಬೆಯ ವಿಷಯ ಎಲ್ಲಾ ಗೊತ್ತಿತ್ತು, ತನ್ನ ಮನೆಯವರಿಗೆ ಹೇಳುವ ಧೈರ್ಯ ಬಂದಿರಲಿಲ್ಲ. ಅವರು ಬೆಳಿಗ್ಗೆಯಷ್ಟೇ ಹಡಗಿನಿಂದ ಇಳಿದು ಬಂದವರು. ಸಬ್ಬೆಯನ್ನು ಇನ್ನೂ ನೋಡಿರಲಿಲ್ಲ.

"ಒಂದು ಕೆಲಸ ಮಾಡು," ಎಂದರು ಬಹಾರ್. "ಇಮಾಮರ ಕರಿ ಕೋಟು ಇಸ್ಕೊಂಡ್ ಬರ್ತೀನಿ. ಅಪ್ಪ ಅಂತ ಕೂತ್ಬಿಡು. ಅದಾದ್ರೂ ಮೈಗೆ ಹಿಡಿಯುತ್ತೆ."

"ನಾನು ಯಾವತ್ತು ಗಂಡಸು ಅಂದೆ?"

"ಹೆಂಗಸು ಅಂತಾನೂ ಅಂದಿಲ್ಲ."

"ಎರಡೂ ವೇಷಾನೇ. ಅವರು ಕಳ್ಸಿರೋದು ಹಾಕ್ಕೊಂಡ್ರೆ ಅವರಾದ್ರೂ ಖುಷಿಯಾಗ್ತಾರೆ. ಹುಡುಗಿ ನಾಳೆಯಿಂದ ಅವರ ಮನೇಲಿ ಬಾಳ್ಬೇಕು. ಪಿನ್ನು ಹಾಕು."

ಬಹಾರ್ ಪಿನ್ನು ಹಾಕಿದರು.

ಒಳಕೋಣೆಯಲ್ಲಿ ತೆನ್ರಿ ಕನ್ನಡಿಯ ಮುಂದೆ ಕೂತಿದ್ದಳು. ಹಣೆಯ ಮೇಲೆ ಕಪ್ಪು ಬಣ್ಣದ ಚಿತ್ತಾರ, ತುರುಬಿನಲ್ಲಿ ತಂತಿಯ ಮೇಲೆ ನಡುಗುವ ಚಿನ್ನದ ಹೂಗಳು. ತಲೆ ತಿರುಗಿಸುವಂತಿರಲಿಲ್ಲ. ಬಾಗಿಲಲ್ಲಿ ನಿಂತ ಗುಲಾಬಿ ಆಕೃತಿಯನ್ನು ಕನ್ನಡಿಯಲ್ಲೇ ನೋಡಿದಳು.

"ನಗ್ಬೇಡ," ಎಂದರು ಬಹಾರ್. "ಬಣ್ಣ ಒಡೆಯುತ್ತೆ."

ತೆನ್ರಿ ನಗಲಿಲ್ಲ. "ಡಾಯೆಂಗ್, ನಿಮ್ಮ ಬಟ್ಟೆ ಎಲ್ಲಿ?" ಎಂದಳು. ಊರಲ್ಲಿ ಹಿರಿಯರು ಯಾರೇ ಆಗಲಿ, ಗಂಡಾಗಲಿ ಹೆಣ್ಣಾಗಲಿ, ಡಾಯೆಂಗ್. ಅವಳು ಮಾತು ಕಲಿತಾಗಿನಿಂದ ಸಬ್ಬೆಯನ್ನು ಕರೆದದ್ದು ಹಾಗೆಯೇ.

"ಇದೇ. ನಿಮ್ಮತ್ತೆ ಪ್ರೀತಿಯಿಂದ ಕಳ್ಸಿದಾರೆ."

"ನಿಮಗೆ ಕಳ್ಸಿಲ್ಲ. ಮನಸ್ಸಲ್ಲಿ ಯಾರನ್ನೋ ಅಂದ್ಕೊಂಡಿದಾರೆ, ಅವರಿಗೆ ಕಳ್ಸಿದಾರೆ."

"ಒಂದು ಗಂಟೆ ತಾನೇ. ಇದೇನು ಹಿಂಸೇನಾ?"

"ನನ್ನ ಬಾಣಂತನಕ್ಕೆ ಬರ್ತೀರಲ್ಲ ಜಾವಾಕ್ಕೆ. ಆಗ?"

"ಇದನ್ನೇ ಮಡಚಿ ಬ್ಯಾಗಲ್ಲಿ ಇಟ್ಕೊಂಡು ಬರ್ತೀನಿ."

"ಹಬ್ಬಕ್ಕೆ?"

"ಹಬ್ಬಕ್ಕೂ. ಹಡಗಲ್ಲೇ ಬದಲಾಯಿಸ್ಕೊಂಡು ಇಳೀತೀನಿ. ಅದಕ್ಕೇನಂತೆ."

ಬಹಾರ್ ಆ ಕಡೆ ತಿರುಗಿ, ಚೆನ್ನಾಗಿಯೇ ಇದ್ದ ಪರದೆಯನ್ನು ಸರಿಪಡಿಸತೊಡಗಿದರು.

"ನಿಜ ಹೇಳ್ಬಿಡ್ತೀನಿ ಅವರಿಗೆ," ಎಂದಳು ತೆನ್ರಿ.

"ಅವರು ಸಿಟ್ಟಾದ್ರೆ?"

"ಇವತ್ತೇ ಆಗ್ಲಿ. ಊಟ ಬಿಸಿಯಾಗಿದೆ, ಎಲ್ಲರೂ ಇದಾರೆ. ಆಮೇಲಾದ್ರೆ ಅಲ್ಲಿ ನಾನೊಬ್ಳೇ ಇರ್ತೀನಿ."

ಕೆಳಗೆ ಡೋಲು ಶುರುವಾಯಿತು. ಯಾರೋ ಮೆಟ್ಟಿಲ ಬುಡದಿಂದ ಹೆಣ್ಣನ್ನು ಕಳಿಸಿ ಎಂದು ಕೂಗಿದರು. ಸಬ್ಬೆ ಮುಂದೆ ಬಂದು ಕೈ ಚಾಚಿದರು. ಕಿಡಿ ಹಾರಿ ಸುಟ್ಟ ಕಲೆಗಳ ಆ ಕೈಯನ್ನು ನಿಂಬೆಹಣ್ಣಿನಿಂದ ಮೂರು ಸಲ ಉಜ್ಜಿದ್ದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಲೇಸಿನ ತೋಳು ಮಣಿಕಟ್ಟಿಗೆ ಬರುವ ಮೊದಲೇ ಮುಗಿದಿತ್ತು.

"ಏಳು ಕೂಸೇ. ಕಾಯ್ತಿದಾರೆ. ನನಗೇನೂ ಕಷ್ಟ ಇಲ್ಲ, ನಿನ್ನಾಣೆ."

ತೆನ್ರಿ ಕನ್ನಡಿ ಬಿಟ್ಟು, ಚಿನ್ನದ ಹೂಗಳನ್ನು ಅಲುಗಿಸಿಕೊಂಡು, ಮೈ ಸಮೇತ ಹಿಂದಕ್ಕೆ ತಿರುಗಿದಳು. ಚಾಚಿದ ಕೈಯನ್ನು ನೋಡಿದಳು. ಆಮೇಲೆ ತನ್ನ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ, ಅವುಗಳ ಮೇಲೆ ಭಾರ ಬಿಟ್ಟು ಕೂತಳು.

"ಈ ರವಿಕೇಲಿ ಬೇಡ," ಎಂದಳು.