ಹೆಬ್ಬೆರಳಿನ ಗುರುತು

ಹಿಮದ ಮೇಲೆ ಜಾರುವ ಸ್ಕೀ ಹಲಗೆಯ ತಳಕ್ಕೆ ಚಾಕು ಇಟ್ಟ ಟೋರ್ಗೇರ್ ಹೆರೆಯದೆ ಹಾಗೇ ನಿಂತ. ಹಿಮಕ್ಕೆ ತಕ್ಕಂತೆ ಅಲ್ಲಿ ಹಚ್ಚಿದ್ದ ಕೆಂಪು ಮೇಣದಲ್ಲಿ ಹೆಂಡತಿ ಮಾರಿಟ್‌ಳ ಹೆಬ್ಬೆರಳಿನ ಗುರುತಿತ್ತು. ಮೂರು ಚಳಿಗಾಲದ ಹಿಂದೆ, ಸಾಯುವ ವಾರದಲ್ಲಿ, ಅವಳೇ ತಿಕ್ಕಿ ಹಚ್ಚಿದ್ದು. ಆಮೇಲೆ ಅವನು ಸ್ಕೀ ಮುಟ್ಟಿರಲಿಲ್ಲ.

“ಅದು ಕರಗೋ ಹಿಮದ ಮೇಣ ಕಣೋ. ಇವತ್ತು ಬಿದ್ದಿರೋದು ಪುಡಿ ಹಿಮ. ಹೆರೆದು ನೀಲಿ ಹಚ್ಚು,” ಎಂದು ಅಕ್ಕ ಗುನ್ವೋರ್ ನೀಲಿ ಮೇಣದ ತುಂಡನ್ನು ಅವನ ಜೇಬಿಗೆ ತುರುಕಿದಳು. “ನಾರ್ವೆಯವರು ಸ್ಕೀ ಕಟ್ಕೊಂಡೇ ಹುಟ್ತಾರಂತೆ. ನಿಂಗೆ ಇದನ್ನೂ ನಾನೇ ಹೇಳ್ಬೇಕಾ?”

“ಇರ್ಲಿ ಬಿಡಕ್ಕ. ನಿನ್ನ ಕಾಟಕ್ಕೆ ಒಂದು ಸುತ್ತು ಹೋಗಿ ಬರ್ತೀನಿ, ಅಷ್ಟೇ.”

ಹತ್ತು ಹೆಜ್ಜೆಗೇ ಹಿಮ ಮೇಣಕ್ಕೆ ಮೆತ್ತಿ ಗಡ್ಡೆ ಕಟ್ಟಿತು. ಮರಗಾಲು ಕಟ್ಟಿಕೊಂಡವನಂತೆ ಎತ್ತೆತ್ತಿ ಇಡುತ್ತಾ ದಿಬ್ಬದ ತುದಿ ಮುಟ್ಟುವಷ್ಟರಲ್ಲಿ ಅವನಿಗೆ ಸಾಕುಸಾಕಾಗಿತ್ತು. ಸ್ಕೀ ಬಿಚ್ಚಿ ತಿರುಗಿಸಿ ಗಡ್ಡೆ ಕಿತ್ತ. ಅದರ ಜೊತೆ ಮೇಣವೂ ಕಿತ್ತು ಬಂತು. ಗುರುತು ಇರಲಿಲ್ಲ. ಅವನು ಬಹಳ ಹೊತ್ತು ಹಿಮದ ಮೇಲೇ ಕುಳಿತಿದ್ದ. ಆಮೇಲೆ ಉಳಿದ ಕೆಂಪನ್ನೆಲ್ಲ ಹೆರೆದು, ನೀಲಿ ಹಚ್ಚಿ, ಮಾರಿಟ್ ತಿಕ್ಕುತ್ತಿದ್ದ ಹಾಗೆ ಹೆಬ್ಬೆರಳಿನಿಂದಲೇ ತಿಕ್ಕಿದ.

ಮತ್ತೆ ಕಾಲಿಗೆ ಕಟ್ಟಿಕೊಂಡು ನಿಂತದ್ದೇ ಇಳಿಜಾರಿನಲ್ಲಿ ಸ್ಕೀಗಳು ತಾವಾಗಿಯೇ ಜಾರತೊಡಗಿದವು. ಅವನು ತಡೆಯಲಿಲ್ಲ.