ನೀಲವ್ವ ಇಟ್ಟುಹೋದ ನೆನಪು

ಎಲ್ಲರ ತಲೆಯೊಳಗೂ ಎದೆಬಡಿತ ಕಾಯುವ ಒಂದು ಸಿಸ್ಟಮ್ ಇದ್ದ ಕಾಲವದು. ಹೊಸದನ್ನು ಹಾಕಿಸಿಕೊಂಡರೆ ಹಳೆಯ ನೆನಪು ಅಳಿಸಿಹೋಗುವ ಭಯವಿತ್ತು. ಹಾಗಾಗಿ ಮುಖ್ಯವಾದದ್ದೊಂದನ್ನು ಹತ್ತಿರದವರಿಗೆ ಹೇಳಿಟ್ಟು ಹೋಗುವುದು, ಮರಳಿದ ಮೇಲೆ ದೇವರ ಮುಂದೆ ಕೂತು ಕೇಳಿಸಿಕೊಳ್ಳುವುದು ಊರಿನ ರೂಢಿ.

ನೀಲವ್ವ ಹೊಸದನ್ನು ಹಾಕಿಸಿಕೊಂಡು ಆಸ್ಪತ್ರೆಯಿಂದ ಚುರುಕಾಗಿ ನಡೆದು ಬಂದಳು. ವಾರಗಿತ್ತಿ ಬಾಳವ್ವ ಅವಳನ್ನು ದೇವರ ಜಗಲಿಯ ಮುಂದೆ ಕೂರಿಸಿ ಹೇಳಿದಳು: "ನಿನ್ನ ಮಗಳು ಚಂಪಾ ಜ್ವರದಾಗ ಬೆಲ್ಲ ಬೇಡಿದ್ಲು. ನಾಳೆ ಕೊಡ್ತೀನಿ ಅಂದಿದ್ದಿ. ನಾಳೆಗೆ ಆಕಿ ಉಳೀಲಿಲ್ಲ."

ನೀಲವ್ವ ಮರುಗಿದಳು. "ಪಾಪ, ಯಾರ ಕೂಸಕ್ಕಾ ಅದು?"

ಬಾಳವ್ವ ಬೆಚ್ಚಿ ಹಿಂದೆ ಸರಿದಳು. ನಾಳೆ ಹೊಸದನ್ನು ಹಾಕಿಸಿಕೊಳ್ಳುವ ಸರದಿ ತನ್ನದು. ಅಮಾವಾಸ್ಯೆ ಕಳೆದರೆ ಹಳೆಯ ಸಿಸ್ಟಮ್ ಕೆಟ್ಟರೂ ಸರಿಮಾಡುವವರಿಲ್ಲ. ಎದೆ ಯಾವಾಗ ನಿಂತೀತೋ ಶಿವನೇ ಬಲ್ಲ.

"ಅಂಜಬ್ಯಾಡಕ್ಕಾ, ನನ್ನ ಮೊಣಕಾಲ ನೋವೂ ಹೋಗೇತಿ," ಎಂದು ನಕ್ಕಳು ನೀಲವ್ವ. "ನಿಂದೇನರ ಇದ್ರ ಹೇಳು, ಇಟ್ಕೊಂಡಿರ್ತೀನಿ."

ಬಾಳವ್ವ ಯೋಚಿಸಿದಳು: ತಾನೂ ಹೋಗಿ ಮರೆತು ಬಂದರೆ ಚಂಪಾ ಎಂಬವಳು ಈ ಮನೆಯಲ್ಲಿ ಹುಟ್ಟಿಯೇ ಇರಲಿಲ್ಲವೆಂದಾಗುತ್ತದೆ.

"ನಾ ಹೋಗಂಗಿಲ್ಲವಾ," ಎಂದಳು ಬಾಳವ್ವ. ಡವಗುಟ್ಟುವ ಎದೆಯ ಮೇಲೆ ಅಂಗೈ ಒತ್ತಿಕೊಂಡು, ಬೆಲ್ಲ ಬೇಡಿದ ಮಗುವಿನ ಕತೆಯನ್ನು ಮೊದಲಿನಿಂದ ಹೇಳತೊಡಗಿದಳು.