ಕಿವಿಗೆ ಹತ್ತಿ ಇಟ್ಟುಕೊಂಡವರು

"ಈ ಮನುಷ್ಯನನ್ನ ಕರೆದವರು ಯಾರು?"

ಪರದೆಯ ಸಂದಿಯಿಂದ ಸಭಾಂಗಣವನ್ನು ಇಣುಕುತ್ತಿದ್ದ ಹಲ್ಲಿನ ಡಾಕ್ಟರು ಗಟ್ಟಿಯಾಗಿಯೇ ಕೇಳಿದರು. ಹಿಂದೆ ಯಾರೂ ಇರಲಿಲ್ಲ. ಮಡಿಸಿಟ್ಟ ಕುರ್ಚಿಗಳ ರಾಶಿಯೊಂದಿತ್ತು, ಅದು ಉತ್ತರಿಸಲಿಲ್ಲ.

ಕೊನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ, ಬೂದುಬಣ್ಣದ ಸ್ವೆಟರು ತೊಟ್ಟವರೊಬ್ಬರು ಕಾಲು ಚಾಚಿ ಕುಳಿತಿದ್ದರು. ಮುಖದಲ್ಲಿ ಅಪಾರ ನೆಮ್ಮದಿ. ನಾಸ್ತಿಕರ ವಾರಾಂತ್ಯದ ಕೂಟಕ್ಕೆ ಬರುವವರ ಮುಖದಲ್ಲಿ ಸಾಮಾನ್ಯವಾಗಿ ಇರುವುದು ಸಿಟ್ಟು, ಅದಿಲ್ಲದಿದ್ದರೆ ಅಜೀರ್ಣ. ಸಂಘದ ಅಧ್ಯಕ್ಷರಾದ ಡಾಕ್ಟರಿಗೆ ಈ ನೆಮ್ಮದಿ ಹಿಡಿಸಲಿಲ್ಲ.

ಅದಕ್ಕೆ ಕಾರಣವಿತ್ತು. ಶನಿವಾರ ಬೆಳಿಗ್ಗೆ ಹೊರಡುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ನೋಡ್ರೀ, ಈ ಎರಡು ದಿನ ನಿಮ್ಮ ಬಾಯಲ್ಲಿ ಒಂದೇ ಒಂದು ಸಲಾನೂ ದೇವರ ಹೆಸರು ಬರದೇ ಇದ್ರೆ, ಬೆಳಗಿನ ಭಕ್ತಿಪದ್ಯ ನಾನು ಮನಸ್ಸಲ್ಲೇ ಹೇಳ್ಕೊಳ್ತೀನಿ. ನಿಮ್ಮ ನಿದ್ದೆ ಕೆಡೋದಿಲ್ಲ. ಬಂತೋ, ಇನ್ಮೇಲೆ ಈ ಕೂಟ ಗೀಟ ಎಲ್ಲ ಬಿಟ್ಟು ಶನಿವಾರ ಭಾನುವಾರ ನನ್ನ ಪಕ್ಕ ಕೂತು ನೀವೂ ಓದ್ಬೇಕು. ರಾಗವಾಗಿ."

ರಾಗವಾಗಿ ಎಂಬ ಮಾತಿಗೆ ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು. ಆದರೂ ಒಪ್ಪಿದರು. ಹಲ್ಲು ಕೀಳಿಸಿಕೊಳ್ಳುವಾಗ ದೇವರನ್ನು ಕೂಗುವ ರೋಗಿಗಳಿಗೆಲ್ಲ "ಅವನಿಲ್ಲ, ನಾನಿದ್ದೀನಿ, ಬಾಯಿ ತೆಗೀರಿ" ಎನ್ನುತ್ತಾ ಬಂದವರು ಅವರು. ಎರಡು ದಿನ ಯಾವ ಲೆಕ್ಕ?

ಸಂಘದಲ್ಲೂ ಅಂಥದೇ ಒಂದು ಕಟ್ಟಳೆ ಇತ್ತು. ಬಾಯಿತಪ್ಪಿ ಆ ಹೆಸರು ಹೇಳಿದವರು ಎಲ್ಲರ ಚಹಾ ಲೋಟ ತೊಳೆಯಬೇಕು. ಮೊದಲು ಸಿಕ್ಕಿಬಿದ್ದವನು ಡಾಕ್ಟರ ಭಾವಮೈದುನ. ಮೈಕಿನ ಉಸ್ತುವಾರಿ ಅವನದು. ಆ ಮೈಕು ಒಂದು ಗಳಿಗೆ ಮಾತಾಡಿದರೆ ಇನ್ನೊಂದು ಗಳಿಗೆ ಮೌನ. "ದೇವ್ರಾಣೆಗೂ ವೈರು ಸರಿಯಾಗೇ ಇದೆ" ಎಂದುಬಿಟ್ಟ. ಆಮೇಲೆ, ದೇವರಿಲ್ಲದ ಬದುಕಿನ ಬಗ್ಗೆ ಉಪನ್ಯಾಸ ಕೊಡುತ್ತಿದ್ದ ಚರಿತ್ರೆಯ ಮೇಷ್ಟ್ರು, ಫ್ಯಾನಿನ ಗಾಳಿಗೆ ಹಾಳೆಗಳು ಹಾರಿದಾಗ "ಅಯ್ಯೋ ಭಗವಂತ" ಎಂದು ಅವುಗಳ ಹಿಂದೆ ಓಡಿದರು. ಸಂಜೆಯ ಹೊತ್ತಿಗೆ ನಲ್ಲಿಯ ಮುಂದೆ ಲೋಟ ತೊಳೆಯುವವರ ಸಾಲೇ ನಿಂತಿತ್ತು.

ಡಾಕ್ಟರು ಒಂದನ್ನು ಗಮನಿಸಿದರು. ಯಾರ ಬಾಯಿ ತಪ್ಪಿದರೂ ಸ್ವೆಟರಿನವರು ತಟ್ಟನೆ ತಲೆ ಎತ್ತುತ್ತಿದ್ದರು. ಹೇಳಿದವರ ಮುಖವನ್ನು ಒಮ್ಮೆ ನೋಡಿ, ಮತ್ತೆ ಹಿಂದಕ್ಕೆ ಒರಗುತ್ತಿದ್ದರು.

"ಗೂಢಚಾರ ಕಣೋ," ಎಂದು ಭಾವಮೈದುನನ ಕಿವಿಯಲ್ಲಿ ಉಸುರಿದರು. "ನಿಮ್ಮಕ್ಕ ಬಿಟ್ಟಿರೋ ಮನುಷ್ಯ. ಕಿವಿ ನೋಡು, ಒಳಗೆ ಏನೋ ಯಂತ್ರ ಇದೆ."

ಚಹಾ ಕೊಡುವ ನೆಪದಲ್ಲಿ ಭಾವಮೈದುನ ಹೋಗಿಬಂದ.

"ಯಂತ್ರ ಅಲ್ಲ ಭಾವ, ಹತ್ತಿ. ಎರಡೂ ಕಿವಿಗೆ. ಅರ್ಜಿ ವಿಭಾಗದಲ್ಲಿ ಕೆಲಸವಂತೆ. ಬೆಳಗಾದ್ರೆ ಸಾಕು, ಅದು ಮಾಡಿಕೊಡಿ ಇದು ಮಾಡಿಕೊಡಿ ಅಂತ ಜನ ತಲೆ ತಿಂತಾರಂತೆ. ಇಲ್ಲಿ ತಣ್ಣಗಿದೆ ಅಂತ ಬಂದಿದ್ದಾರೆ ಪಾಪ."

"ಹತ್ತಿ ಇಟ್ಕೊಂಡವನಿಗೆ ಅಷ್ಟು ದೂರದಿಂದ ಹೇಗೋ ಕೇಳಿಸುತ್ತೆ?"

"ಅದನ್ನ ಕೇಳೋಕಾಗ್ಲಿಲ್ಲ ಭಾವ. ಲೋಟ ತೊಳೆಯೋದಿತ್ತು."

ಭಾನುವಾರ ಡಾಕ್ಟರೇ ಹೋಗಿ ಸ್ವೆಟರಿನವರ ಪಕ್ಕದಲ್ಲಿ ಕುಳಿತರು. ಸುತ್ತುಬಳಸಿ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ.

"ನನ್ನ ಹೆಂಡತಿ ನಿಮಗೆ ಗೊತ್ತಾ?"

"ಗೊತ್ತಿಲ್ದೆ ಏನು. ದಿನಾ ಬೆಳಿಗ್ಗೆ ಮಾತಾಡ್ತಾರೆ. ಹೆಚ್ಚಾಗಿ ನಿಮ್ಮ ವಿಷಯಾನೇ."

ಹೆಂಡತಿಯ ಫೋನು ಸದಾ ತಲೆದಿಂಬಿನ ಕೆಳಗೆ ಇರುವುದೇಕೆಂದು ಡಾಕ್ಟರಿಗೆ ಈಗ ಹೊಳೆಯಿತು.

"ಎಷ್ಟು ದಿನದಿಂದ ನಡೀತಿದೆ ಇದು?"

"ನಿಮ್ಮ ಮದುವೆಗೂ ಮುಂಚಿನಿಂದ. ಆಗ ಮದುವೆ ವಿಷಯ ಮಾತಾಡ್ತಿದ್ರು."

"ನೀವೇನು ಹೇಳ್ತಿದ್ರಿ?"

"ನನ್ನದು ಮಾತು ಕಡಿಮೆ ಡಾಕ್ಟ್ರೇ. ಕೇಳಿಸ್ಕೊಳ್ತೀನಿ, ಅಷ್ಟೇ."

"ನನ್ನ ಬಾಯಿ ತಪ್ಪಿದ್ರೆ ಹೋಗಿ ಊದ್ತೀರಿ, ಅಲ್ವಾ?"

"ಛೆ. ಚಾಡಿ ಹೇಳೋ ಪೈಕಿ ಅಲ್ಲ ನಾನು," ಎಂದು ಅವರು ಹತ್ತಿಯನ್ನು ಇನ್ನಷ್ಟು ಒಳಕ್ಕೆ ತಳ್ಳಿಕೊಂಡರು.

ಸಂಜೆ ಸಮಾರೋಪ. ಡಾಕ್ಟರು ಮೈಕು ಹಿಡಿದು ವೇದಿಕೆಯ ಅಂಚಿಗೆ ಬಂದರು. ಬಾಯಿ ಇನ್ನೂ ತಪ್ಪಿರಲಿಲ್ಲ. ಇನ್ನು ನಾಲ್ಕು ಮಾತಾಡಿ ಇಳಿದರೆ ಬೆಳಗಿನ ನಿದ್ದೆ ಕೈಸೇರಿದಂತೆಯೇ. ಅಷ್ಟರಲ್ಲಿ ಹೆಂಡತಿ ಕರೆದೊಯ್ಯಲು ಬಂದಳು. ಸ್ವೆಟರಿನವರ ಪಕ್ಕದಲ್ಲೇ ಹಾದು ಬಂದರೂ ಅವರತ್ತ ಕಣ್ಣೆತ್ತಿಯೂ ನೋಡದೆ ಮುಂದಿನ ಸಾಲಿನಲ್ಲಿ ಕುಳಿತಳು. ಏನು ನಾಟಕ, ಎಂದುಕೊಂಡರು ಡಾಕ್ಟರು.

"ಗೆಳೆಯರೇ, ಕಷ್ಟ ಬಂದಾಗ ಆಕಾಶ ನೋಡೋರು ನಾವಲ್ಲ. ನೆಲದ ಮೇಲೆ ಗಟ್ಟಿಯಾಗಿ ಕಾಲೂರಿ ನಿಂತೋರು," ಎಂದು ಹೇಳಿ ಒಂದು ಹೆಜ್ಜೆ ಮುಂದಿಟ್ಟರು.

ಆ ಹೆಜ್ಜೆ ಮೈಕಿನ ವೈರಿಗೆ ಸಿಕ್ಕಿತು. ಪರದೆಗೆ ಕೈಹಾಕಿದರು, ಪರದೆಯೂ ಜೊತೆಗೇ ಬಂತು.

"ಅಯ್ಯೋ ದೇವರೇ..."

ಪರದೆಯೊಳಗೆ ಸುತ್ತಿಕೊಂಡು ಬಿದ್ದಿದ್ದ ಡಾಕ್ಟರು ಒಂದು ಕಣ್ಣು ಹೊರಹಾಕಿ ನೋಡಿದರು. ಹೆಂಡತಿ ತಲೆ ತಗ್ಗಿಸಿ ಚೀಲದಲ್ಲಿ ಏನನ್ನೋ ಹುಡುಕುತ್ತಿದ್ದಳು. ಕೇಳಿಸಿತೋ ಇಲ್ಲವೋ. ಮೈಕು ಮಾತಾಡಿತ್ತೋ, ಮೌನವಾಗಿತ್ತೋ.

ತುಟಿ ಅಲುಗಿಸಲಿಲ್ಲ ಅವರು. ಉಸಿರೂ ಬಿಡಲಿಲ್ಲ. ಹಲ್ಲು ಕಚ್ಚಿಕೊಂಡು, ಜನ್ಮದಲ್ಲಿ ಮೊದಲ ಸಲ, ಮನಸ್ಸಿನ ಒಳಗೊಳಗೇ ಬೇಡಿಕೊಂಡರು: ಅವಳಿಗೆ ಕೇಳಿಸದೇ ಇದ್ದಿರಲಿ. ಇದೊಂದು ಸಲ ನಡೆಸಿಕೊಡಪ್ಪ.

ಕೊನೆಯ ಸಾಲಿನಲ್ಲಿ ಸ್ವೆಟರಿನವರು ನಿಟ್ಟುಸಿರಿಟ್ಟು ಎದ್ದು ನಿಂತರು, ಎರಡೂ ಕಿವಿಯ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡರು, ಪರದೆಯ ಗಂಟಿನತ್ತ ನೋಡಿ ತಲೆಯಾಡಿಸಿದರು.

"ಆಗೋದಿಲ್ಲ ಡಾಕ್ಟ್ರೇ. ನಿಮ್ಮ ಮನೆಯವರ ಅರ್ಜಿ ಮೊದಲು ಬಂದಿದೆ."